ಹೆದರಿಕೆ ಎಂಬ ಆಟ: ಹಾರ್ಡ್ ರಾಕ್ ವೇದಿಕೆಯ ದೆವ್ವಭೂತಗಳು

ವೇದಿಕೆಯ ನಡುವೆ ಎತ್ತರದ ಮರದ ಚೌಕಟ್ಟು. ಅದರ ತುದಿಯಲ್ಲಿ ಓರೆಯಾದ ಕಬ್ಬಿಣದ ಅಲಗು. ಕಣ್ಣಿನ ಸುತ್ತ ಕಪ್ಪು ಬಳಿದುಕೊಂಡ ಗಾಯಕನನ್ನು ಎಳೆದು ತಂದು ಅದರೊಳಗೆ ಕುತ್ತಿಗೆ ಇಡಿಸುತ್ತಾರೆ. ಡ್ರಮ್ಮಿನ ಸದ್ದು ಏರುತ್ತದೆ, ಅಲಗು ಧಡಾರನೆ ಬೀಳುತ್ತದೆ. ಮುಸುಕು ಹಾಕಿದವನೊಬ್ಬ ತಲೆಯೊಂದನ್ನು ಕೂದಲು ಹಿಡಿದು ಎತ್ತಿ ತೋರಿಸುತ್ತಾನೆ. ಸಾವಿರಾರು ಜನ ಕಿರುಚುತ್ತಾರೆ. ಆದರೆ ಕಿರುಚುವ ಮುಖಗಳಲ್ಲೆಲ್ಲ ನಗು. ಕೆಲವೇ ನಿಮಿಷಗಳಲ್ಲಿ ಅದೇ ಗಾಯಕ ಬಿಳಿ ಕೋಟು, ಎತ್ತರದ ಟೋಪಿ ಹಾಕಿಕೊಂಡು ಮರಳಿ ಬರುತ್ತಾನೆ. ದೊಡ್ಡ ದೊಡ್ಡ ಬಲೂನುಗಳು ಜನರ ತಲೆಯ ಮೇಲೆ ತೇಲುತ್ತವೆ, ಬಣ್ಣದ ಕಾಗದದ ಚೂರುಗಳು ಸುರಿಯುತ್ತವೆ. ಶಾಲೆಗೆ ರಜೆ ಸಿಕ್ಕ ಖುಷಿಯ ಹಾಡನ್ನು ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಆಲಿಸ್ ಕೂಪರ್ ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಹೀಗೆ ವೇದಿಕೆಯ ಮೇಲೆ ಸಾಯುತ್ತಿದ್ದಾರೆ, ಪ್ರತಿ ಸಲವೂ ಎದ್ದು ಬರುತ್ತಿದ್ದಾರೆ.

ದುಡ್ಡು ಕೊಟ್ಟು ಟಿಕೆಟ್ ಕೊಂಡು, ಸರದಿಯಲ್ಲಿ ನಿಂತು ಇದನ್ನು ನೋಡುವವರಿಗೆ ಸಿಗುವುದೇನು? ಶವಪೆಟ್ಟಿಗೆ, ತಲೆಬುರುಡೆ, ರಕ್ತ, ರಾಕ್ಷಸ ಮುಖವಾಡ ಇವೆಲ್ಲ ಗಿಟಾರಿನ ಅಬ್ಬರದ ಜೊತೆ ಸೇರಿದಾಗ ಹುಟ್ಟುವ ಸುಖ ಯಾವ ಬಗೆಯದು? ಇದು ಸಂಗೀತದ ಕೊರತೆಯನ್ನು ಮುಚ್ಚುವ ಗದ್ದಲವೇ, ಮಕ್ಕಳನ್ನು ಕೆಡಿಸುವ ವಿಕೃತಿಯೇ, ಅಥವಾ ರಂಗಭೂಮಿಯ ಒಂದು ಹಳೆಯ ಆಟದ ಹೊಸ ರೂಪವೇ? ಎಪ್ಪತ್ತು ವರ್ಷಗಳ ಈ ಪರಂಪರೆಯನ್ನು ಒಮ್ಮೆ ಪೂರ್ತಿಯಾಗಿ ನೋಡಿದರೆ ಕೊನೆಯ ಉತ್ತರವೇ ಸತ್ಯಕ್ಕೆ ಹತ್ತಿರ ಎಂದು ನನಗೆ ಅನ್ನಿಸುತ್ತದೆ. ಕರಾವಳಿಯವರು ಯಕ್ಷಗಾನವನ್ನು ಕರೆಯುವುದು ‘ಆಟ’ ಎಂದೇ. ಆ ಮಾತಿನ ಪೂರ್ಣ ಅರ್ಥದಲ್ಲಿ ಇದೂ ಒಂದು ಆಟ.

ಶವಪೆಟ್ಟಿಗೆಯಿಂದ ಎದ್ದ ಹಾಡು

ಹೆದರಿಸಿ ರಂಜಿಸುವ ಕಲೆಯನ್ನು ರಾಕ್ ಸಂಗೀತಗಾರರು ಕಂಡುಹಿಡಿಯಲಿಲ್ಲ. ಪ್ಯಾರಿಸ್‌ನಲ್ಲಿ 1897ರಲ್ಲಿ ಶುರುವಾದ ಗ್ರಾಂ ಗಿನ್ಯೋಲ್ ಎಂಬ ಪುಟ್ಟ ರಂಗಮಂದಿರ ರಕ್ತ, ಹುಚ್ಚು, ಕೊಲೆಗಳ ನಾಟಕಗಳಿಗೇ ಹೆಸರಾಗಿತ್ತು. ನೋಡುವವರಲ್ಲಿ ಎಷ್ಟು ಜನ ಮೂರ್ಛೆ ಹೋದರು ಎಂಬುದೇ ಅಲ್ಲಿ ಯಶಸ್ಸಿನ ಅಳತೆ. ಭಯದ ನಾಟಕದ ಜೊತೆಗೆ ಒಂದು ಪ್ರಹಸನವನ್ನೂ ಅದೇ ರಾತ್ರಿ ಆಡುತ್ತಿದ್ದರು. ಬೆವರಿಸಿ, ನಗಿಸಿ, ಮತ್ತೆ ಬೆವರಿಸುವುದು ಅವರ ಕ್ರಮ. ಆ ಮಂದಿರ 1962ರಲ್ಲಿ ಮುಚ್ಚಿತು. ಅಷ್ಟರಲ್ಲಿ ಅದರ ಉಪಾಯಗಳು ಸಿನಿಮಾಕ್ಕೂ ಹಾಡಿಗೂ ದಾಟಿಯಾಗಿತ್ತು.

ಹಾಡಿನ ಮಟ್ಟಿಗೆ ಈ ವಂಶದ ಮೂಲಪುರುಷ ಅಮೆರಿಕದ ಕಪ್ಪು ಗಾಯಕ ಸ್ಕ್ರೀಮಿಂಗ್ ಜೇ ಹಾಕಿನ್ಸ್. ಅಪೆರಾ ಗಾಯಕನಾಗಬೇಕೆಂದು ಕನಸು ಕಂಡಿದ್ದ ಅವರು 1956ರಲ್ಲಿ ‘ಐ ಪುಟ್ ಎ ಸ್ಪೆಲ್ ಆನ್ ಯೂ’ ಹಾಡನ್ನು ಗೊರಕೆ, ಗುರುಗುಟ್ಟು, ಚೀರಾಟಗಳಿಂದ ತುಂಬಿಬಿಟ್ಟರು. ರೇಡಿಯೋ ನಿರೂಪಕ ಅಲನ್ ಫ್ರೀಡ್ ಅವರಿಗೆ ಶವಪೆಟ್ಟಿಗೆಯಿಂದ ಎದ್ದು ಬಂದು ಹಾಡಲು ಸೂಚಿಸಿದರು. ಮೊದಲು ಒಲ್ಲೆ ಎಂದ ಹಾಕಿನ್ಸ್ 300 ಡಾಲರ್ ಸಿಗುತ್ತದೆ ಎಂದಾಗ ಒಪ್ಪಿದರಂತೆ. ಅಲ್ಲಿಂದ ಮುಂದೆ ಶವಪೆಟ್ಟಿಗೆ, ಕೋಲಿಗೆ ಸಿಕ್ಕಿಸಿದ ತಲೆಬುರುಡೆ, ಹೊಗೆ ಎಲ್ಲವೂ ಅವರ ಜೊತೆಯಾದವು. ಆ ಬುರುಡೆಗೆ ಅವರು ಹೆನ್ರಿ ಎಂದು ಹೆಸರನ್ನೂ ಇಟ್ಟಿದ್ದರು.

ಇದೇ ಕಾಲಕ್ಕೆ ಇನ್ನೊಂದು ಬದಲಾವಣೆ ಮನೆಮನೆಯಲ್ಲಿ ಆಗುತ್ತಿತ್ತು. 1957ರಲ್ಲಿ ಯೂನಿವರ್ಸಲ್ ಸಂಸ್ಥೆಯ ಹಳೆಯ ಸಿನಿಮಾಗಳ ಒಂದು ಕಂತೆ ‘ಶಾಕ್ ಥಿಯೇಟರ್’ ಎಂಬ ಹೆಸರಿನಲ್ಲಿ ಅಮೆರಿಕದ ಟಿವಿ ಕೇಂದ್ರಗಳಿಗೆ ಮಾರಾಟವಾಯಿತು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್‌ಗಳು ರಾತ್ರಿಯ ಹೊತ್ತು ಮನೆಯ ಪಡಸಾಲೆಗೇ ಬಂದವು. ಭೂತದ ವೇಷದಲ್ಲೇ ಕಾರ್ಯಕ್ರಮ ನಡೆಸಿಕೊಡುವ ನಿರೂಪಕರು ನಡುನಡುವೆ ತಮಾಷೆ ಮಾಡುತ್ತಿದ್ದರು. ಹೀಗೆ ಹೆದರಿಕೆಯನ್ನೂ ನಗುವನ್ನೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಮಕ್ಕಳೇ ಮುಂದಿನ ಹಾರ್ಡ್ ರಾಕ್ ತಾರೆಗಳು. 1962ರಲ್ಲಿ ಬಾಬಿ ಪಿಕೆಟ್ ನಟ ಬೋರಿಸ್ ಕಾರ್ಲಾಫ್‌ರ ದನಿಯನ್ನು ಅನುಕರಿಸಿ ಹಾಡಿದ ‘ಮಾನ್‌ಸ್ಟರ್ ಮ್ಯಾಶ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇಂಗ್ಲೆಂಡಿನಲ್ಲಿ ಸ್ಕ್ರೀಮಿಂಗ್ ಲಾರ್ಡ್ ಸಚ್ ಶವಪೆಟ್ಟಿಗೆ ಹೊತ್ತು ತಿರುಗಿದರು. 1968ರಲ್ಲಿ ಆರ್ಥರ್ ಬ್ರೌನ್ ಮುಖಕ್ಕೆ ಬಣ್ಣ ಬಳಿದು, ತಲೆಯ ಮೇಲೆ ಉರಿಯುವ ಕಿರೀಟ ಹೊತ್ತು ಹಾಡಿದ ‘ಫೈರ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಮುಖದ ಬಣ್ಣ, ಬೆಂಕಿ, ಶವಪೆಟ್ಟಿಗೆ ಮೂರೂ ಆಗಲೇ ಸಿದ್ಧವಿದ್ದವು. ಅವುಗಳ ತೂಕಕ್ಕೆ ತಕ್ಕ ಸಂಗೀತವೊಂದು ಬರಬೇಕಾಗಿತ್ತು.

ಪ್ರತಿಮಧ್ಯಮದ ಕತ್ತಲು

ಆ ಸಂಗೀತ ಬಂದದ್ದು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳ ನಡುವಿನಿಂದ. ಟೋನಿ ಅಯೋಮಿ ಎಂಬ ಎಡಗೈ ಗಿಟಾರ್ ವಾದಕ ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಮತ್ತೆ ನುಡಿಸಲು ಕಲಿತ. ನೋವು ತಾಳಲಾಗದೆ ತೆಳುವಾದ ತಂತಿ ಹಾಕಿಕೊಂಡ, ಮುಂದೆ ತಂತಿಗಳ ಶ್ರುತಿಯನ್ನೂ ಇಳಿಸಿದ. ಹಾರ್ಡ್ ರಾಕಿನ ಆ ಭಾರವಾದ, ನೆಲಕ್ಕೆ ಎಳೆಯುವಂಥ ದನಿಯ ಹಿಂದೆ ಒಂದು ಗಾಯ ಇದೆ.

ಅವರ ತಂಡ ತಾಲೀಮು ಮಾಡುತ್ತಿದ್ದ ಜಾಗದ ಎದುರಿಗೆ ಸಿನಿಮಾ ಮಂದಿರವಿತ್ತು. ಭಯದ ಸಿನಿಮಾ ನೋಡಲು ಜನ ಸಾಲುಗಟ್ಟಿ ನಿಲ್ಲುವುದನ್ನು ಕಂಡ ಅವರಿಗೆ, ಹೆದರಲು ದುಡ್ಡು ಕೊಡುವ ಜನ ಹೆದರಿಸುವ ಸಂಗೀತಕ್ಕೂ ಕೊಟ್ಟಾರು ಎನ್ನಿಸಿತು. ಬೋರಿಸ್ ಕಾರ್ಲಾಫ್ ನಟಿಸಿದ 1963ರ ಸಿನಿಮಾ ಒಂದರ ಇಂಗ್ಲಿಷ್ ಹೆಸರನ್ನೇ ತಂಡಕ್ಕಿಟ್ಟರು: ಬ್ಲ್ಯಾಕ್ ಸಬ್ಬತ್. ಮೊದಲ ಆಲ್ಬಂ ಹೊರಬಂದದ್ದು 1970ರ ಫೆಬ್ರವರಿ 13, ಶುಕ್ರವಾರ. ಪಾಶ್ಚಾತ್ಯರ ನಂಬಿಕೆಯಲ್ಲಿ ಅದು ಕೆಟ್ಟ ದಿನ.

ಆ ಆಲ್ಬಮ್ಮಿನ ಮೊದಲ ಹಾಡನ್ನು ಹತ್ತಿರದಿಂದ ಕೇಳಬೇಕು. ಮಳೆ ಸುರಿಯುತ್ತಿದೆ, ದೂರದಲ್ಲಿ ಚರ್ಚಿನ ಗಂಟೆ. ಆಮೇಲೆ ಗಿಟಾರಿನಲ್ಲಿ ಮೂರೇ ಸ್ವರ: ಮೊದಲು ಷಡ್ಜ, ಅನಂತರ ಅದರ ಮೇಲಿನ ಸ್ಥಾಯಿಯ ಷಡ್ಜ, ಕೊನೆಗೆ ನಡುಗುತ್ತಾ ನಿಲ್ಲುವ ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಈ ದೂರವನ್ನು ಪಾಶ್ಚಾತ್ಯ ಸಂಗೀತದಲ್ಲಿ ‘ಸಂಗೀತದೊಳಗಿನ ಸೈತಾನ’ ಎಂದು ಕರೆದದ್ದುಂಟು. ಮಧ್ಯಯುಗದ ಚರ್ಚು ಇದನ್ನು ನಿಷೇಧಿಸಿತ್ತು ಎಂಬ ಕಥೆಗೆ ಆಧಾರವಿಲ್ಲ. ಸೈತಾನನ ಹೆಸರು ಅಂಟಿಕೊಂಡದ್ದು ಸುಮಾರು 18ನೇ ಶತಮಾನದ ಸಂಗೀತಶಾಸ್ತ್ರಜ್ಞರ ಬರಹಗಳಲ್ಲಿ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇಲ್ಲೊಂದು ಪಾಠವಿದೆ. ಇದೇ ಪ್ರತಿಮಧ್ಯಮ ನಮ್ಮ ಕಲ್ಯಾಣಿಯ ಜೀವಸ್ವರ. ಅಲ್ಲಿ ಗಾಂಧಾರ ಪಂಚಮಗಳು ಅದನ್ನು ಎರಡೂ ಕಡೆಯಿಂದ ಕೈಹಿಡಿದು ನಡೆಸುತ್ತವೆ, ಸಂಜೆಯ ದೀಪ ಹಚ್ಚಿದಂಥ ಬೆಳಕು ಮೂಡುತ್ತದೆ. ಅಯೋಮಿ ಅದನ್ನು ಅನಾಥವಾಗಿ ಬಿಟ್ಟ. ಪಂಚಮಕ್ಕೆ ತಲುಪಿಸದೆ, ಬರಿ ಷಡ್ಜದ ಎದುರು ನಿಲ್ಲಿಸಿ, ನಿಧಾನಕ್ಕೆ ನಡುಗಿಸಿದ. ಭಯ ಆ ಸ್ವರದಲ್ಲಿ ಮೊದಲೇ ಕೂತಿರಲಿಲ್ಲ, ಅದನ್ನು ನಿಲ್ಲಿಸಿದ ಬಗೆಯಿಂದ ಹುಟ್ಟಿತು. ಹೆದರಿಕೆ ಕಟ್ಟುವ ವಸ್ತು, ಅದಕ್ಕೆ ಕುಶಲತೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಖಳನಾಯಕನ ಹುಟ್ಟು

ಬ್ಲ್ಯಾಕ್ ಸಬ್ಬತ್ ದನಿ ಕೊಟ್ಟಿತು, ಆಲಿಸ್ ಕೂಪರ್ ಪಾತ್ರ ಕೊಟ್ಟರು. ಡೆಟ್ರಾಯಿಟ್‌ನಲ್ಲಿ 1948ರಲ್ಲಿ ಹುಟ್ಟಿದ ವಿನ್ಸೆಂಟ್ ಫರ್ನಿಯರ್ ಕ್ರೈಸ್ತ ಧರ್ಮಬೋಧಕರ ಮಗ. ಅರಿಜೋನಾದ ಫೀನಿಕ್ಸ್ ಊರಿನ ಹೈಸ್ಕೂಲಿನಲ್ಲಿ ಓಟಗಾರ ಗೆಳೆಯರನ್ನು ಸೇರಿಸಿಕೊಂಡು, 1964ರಲ್ಲಿ ಶಾಲೆಯ ವೇದಿಕೆಯ ಮೇಲೆ ಬೀಟಲ್ಸ್ ತಂಡದ ಅಣಕು ಮಾಡಿದ್ದೇ ಶುರು. 1968ರಲ್ಲಿ ತಂಡಕ್ಕೆ ಆಲಿಸ್ ಕೂಪರ್ ಎಂಬ ಹೆಂಗಸಿನ ಹೆಸರಿಟ್ಟರು. ಮುಂದೆ ಆ ಹೆಸರು ವಿನ್ಸೆಂಟ್‌ನದೇ ಆಯಿತು. ರಾಕ್ ಸಂಗೀತದಲ್ಲಿ ನಾಯಕರು ಬೇಕಾದಷ್ಟಿದ್ದಾರೆ, ಖಳನಾಯಕನೊಬ್ಬನೂ ಇಲ್ಲ, ಆ ಜಾಗ ನಾನು ತುಂಬುತ್ತೇನೆ ಎನ್ನುವುದು ಅವರು ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿರುವ ಮಾತಿನ ಸಾರ.

1969ರ ಸೆಪ್ಟೆಂಬರ್ 13ರಂದು ಟೊರಾಂಟೊದ ಕಾರ್ಯಕ್ರಮದಲ್ಲಿ ಯಾರೋ ಜೀವಂತ ಕೋಳಿಯೊಂದನ್ನು ವೇದಿಕೆಗೆ ಎಸೆದರು. ಹಕ್ಕಿಯಲ್ಲವೇ, ಹಾರೀತು ಎಂದುಕೊಂಡು ಆಲಿಸ್ ಅದನ್ನು ಜನರ ಕಡೆಗೆ ತೂರಿದರು. ಅದು ಹಾರಲಿಲ್ಲ. ಜನ ಅದನ್ನು ಹರಿದುಹಾಕಿದರು. ಮರುದಿನ ಪತ್ರಿಕೆಗಳಲ್ಲಿ, ಗಾಯಕನೇ ಅದರ ತಲೆ ಕಚ್ಚಿ ರಕ್ತ ಕುಡಿದ ಎಂಬ ಸುದ್ದಿ. ಹಾಗೇನೂ ಆಗಿಲ್ಲ ಎಂದು ಯಾರಿಗೂ ಹೇಳಬೇಡ ಎಂದು ಅವರ ಆಲ್ಬಂ ಹೊರತರುತ್ತಿದ್ದ ಫ್ರಾಂಕ್ ಜಾಪಾ ಸಲಹೆ ಕೊಟ್ಟರಂತೆ. ಜನ ತಾವೇ ಒಂದು ರಾಕ್ಷಸನನ್ನು ಕಲ್ಪಿಸಿಕೊಳ್ಳಲು ಹಾತೊರೆಯುತ್ತಿದ್ದಾರೆ ಎಂಬುದು ಅಂದು ತಂಡಕ್ಕೆ ತಿಳಿಯಿತು.

ಆದರೆ ಕಲ್ಪನೆಯನ್ನು ನಿಜದ ಕೋಳಿಗಳ ಮೇಲೆ ಬೆಳೆಸಲಾಗದು. ಅದಕ್ಕೆ ಶಿಸ್ತು ಬೇಕು. ನಿರ್ಮಾಪಕ ಬಾಬ್ ಎಜ್ರಿನ್ ಜೊತೆ ಸೇರಿದ ಮೇಲೆ ಹಾಡುಗಳು ಬಿಗಿಯಾದವು. 1971ರ ‘ಬ್ಯಾಲಡ್ ಆಫ್ ಡ್ವೈಟ್ ಫ್ರೈ’ ಹಾಡನ್ನು ಆಲಿಸ್ ಹುಚ್ಚಾಸ್ಪತ್ರೆಯ ಕೈಕಟ್ಟಿದ ಅಂಗಿಯಲ್ಲಿ ಹಾಡುತ್ತಿದ್ದರು. 1931ರ ‘ಡ್ರಾಕುಲಾ’ದಲ್ಲಿ ನೊಣ ತಿನ್ನುವ ಹುಚ್ಚನಾಗಿದ್ದ ನಟ ಡ್ವೈಟ್ ಫ್ರೈಗೆ ಅದು ಸಲ್ಲಿಸಿದ ಗೌರವ. 1972ರಲ್ಲಿ ‘ಸ್ಕೂಲ್ಸ್ ಔಟ್’ ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಹೋಯಿತು. 1973ರ ‘ಬಿಲಿಯನ್ ಡಾಲರ್ ಬೇಬೀಸ್’ ಆಲ್ಬಂ ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನ ಪಡೆಯಿತು.

ಆ ಆಲ್ಬಮ್ಮಿನ ಪ್ರವಾಸಕ್ಕೆ ತಲೆ ಕಡಿಯುವ ಯಂತ್ರವನ್ನು ರೂಪಿಸಿಕೊಟ್ಟವರು ಜಾದೂಗಾರ ಜೇಮ್ಸ್ ರ‍್ಯಾಂಡಿ. ಪವಾಡಗಳ ಬಣ್ಣ ಬಯಲು ಮಾಡುವುದರಲ್ಲಿ ಮುಂದೆ ಲೋಕಪ್ರಸಿದ್ಧರಾದ ಅದೇ ರ‍್ಯಾಂಡಿ. ವೇದಿಕೆಯ ಮೇಲೆ ಕೊಲ್ಲುವವನ ವೇಷವನ್ನೂ ಅವರೇ ಹಾಕಿದರು. ಅಲಗು ಸುಮಾರು 18 ಕಿಲೋ ತೂಗುತ್ತದೆ, ನಿಜಕ್ಕೂ ಹರಿತವಾಗಿದೆ, ಕುತ್ತಿಗೆಗೆ ಕೆಲವೇ ಅಂಗುಲ ದೂರದಲ್ಲಿ ನಿಲ್ಲುತ್ತದೆ ಎಂದು ಆಲಿಸ್ ಹೇಳಿಕೊಂಡಿದ್ದಾರೆ. ಸುಳ್ಳು ಪವಾಡಗಳ ಕಡು ವಿರೋಧಿಯೊಬ್ಬ ಈ ಸುಳ್ಳು ಸಾವನ್ನು ಪ್ರೀತಿಯಿಂದ ಕಟ್ಟಿಕೊಟ್ಟದ್ದರಲ್ಲಿ ಈ ಕಲೆಯ ಮರ್ಮವೇ ಇದೆ. ಮೋಸಗಾರ ನೀವು ನಂಬಬೇಕೆಂದು ಸುಳ್ಳು ಹೇಳುತ್ತಾನೆ. ಜಾದೂಗಾರ ಸುಳ್ಳು ಎಂದು ನಿಮಗೆ ಗೊತ್ತಿರುವಾಗಲೇ ಬೆರಗು ಹುಟ್ಟಿಸುತ್ತಾನೆ. ಆಲಿಸ್ ಕೂಪರ್ ಎರಡನೆಯ ಬಗೆಯವರು.

ಈ ಆಟದ ಕಥೆಗೆ ಒಂದು ನೀತಿಯ ಚೌಕಟ್ಟೂ ಇದೆ. ಖಳ ತನ್ನ ಕೆಟ್ಟತನವನ್ನೆಲ್ಲ ಮೆರೆದಾದ ಮೇಲೆ ಶಿಕ್ಷೆ ತಪ್ಪುವುದಿಲ್ಲ. ಶಿಕ್ಷೆಯಾದ ಮೇಲೆ ಬಿಳಿ ಬಟ್ಟೆಯಲ್ಲಿ ಮರುಹುಟ್ಟು. ಬಯಲಾಟದಲ್ಲಿ ರಾಕ್ಷಸನ ವಧೆಯಾದ ಮೇಲೆ ಮಂಗಳ ಹಾಡುವಂಥ ಕ್ರಮ ಇದು. ಧರ್ಮಬೋಧಕರ ಮಗನ ಕೈಯಲ್ಲಿ ಅದು ಹಾಗೆ ಬಂದದ್ದು ಆಶ್ಚರ್ಯವಲ್ಲ. 1975ರ ‘ವೆಲ್‌ಕಮ್ ಟು ಮೈ ನೈಟ್‌ಮೇರ್’ನಲ್ಲಿ ಭಯದ ಸಿನಿಮಾಗಳ ಹಿರಿಯ ನಟ ವಿನ್ಸೆಂಟ್ ಪ್ರೈಸ್ ಮಾತಾಡಿದರು. 1978ರಲ್ಲಿ ಇದೇ ಆಲಿಸ್ ಮಕ್ಕಳ ಅಚ್ಚುಮೆಚ್ಚಿನ ‘ಮಪೆಟ್ ಷೋ’ಗೆ ಅತಿಥಿಯಾಗಿ ಹೋದರು. ಆಟದ ನಿಯಮ ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು.

ಬಣ್ಣ, ಬೆಂಕಿ, ಕಾಮಿಕ್ಸ್

ನ್ಯೂಯಾರ್ಕಿನಲ್ಲಿ 1973ರಲ್ಲಿ ಹುಟ್ಟಿದ ಕಿಸ್ ತಂಡ ಈ ಆಟವನ್ನು ಜಾತ್ರೆಯ ಅಳತೆಗೆ ಹಿಗ್ಗಿಸಿತು. ನಾಲ್ವರಿಗೆ ನಾಲ್ಕು ವೇಷ: ಜೀನ್ ಸಿಮನ್ಸ್ ರಾಕ್ಷಸ, ಪಾಲ್ ಸ್ಟ್ಯಾನ್ಲಿ ನಕ್ಷತ್ರಬಾಲಕ, ಏಸ್ ಫ್ರೇಲಿ ಆಕಾಶಯಾತ್ರಿ, ಪೀಟರ್ ಕ್ರಿಸ್ ಬೆಕ್ಕು. ಸಿಮನ್ಸ್ ಬಾಯಿಂದ ಬೆಂಕಿ ಉಗುಳುತ್ತಿದ್ದರು, ಬಣ್ಣದ ನೀರನ್ನು ರಕ್ತದಂತೆ ಸುರಿಸುತ್ತಿದ್ದರು. 1973ರ ಡಿಸೆಂಬರ್ 31ರ ರಾತ್ರಿ ಬೆಂಕಿ ಉಗುಳುವಾಗ ಅವರ ಕೂದಲಿಗೇ ಹೊತ್ತಿಕೊಂಡಿತು. 1977ರಲ್ಲಿ ಮಾರ್ವೆಲ್ ಸಂಸ್ಥೆ ಕಿಸ್ ಕಾಮಿಕ್ಸ್ ಹೊರತಂದಾಗ ನಾಲ್ವರೂ ತಮ್ಮ ರಕ್ತದ ಹನಿಗಳನ್ನು ಮುದ್ರಣಾಲಯದ ಕೆಂಪು ಶಾಯಿಗೆ ಬೆರೆಸಿದರು. ವ್ಯಾಪಾರದ ತಂತ್ರ ನಿಜ. ಆದರೆ ಹತ್ತು ವರ್ಷದ ಓದುಗನೊಬ್ಬನಿಗೆ ಆ ಪುಸ್ತಕ ಕೈಗೆ ಬಂದ ಗಳಿಗೆಯ ಪುಳಕವನ್ನು ಊಹಿಸಿಕೊಂಡರೆ, ಆ ತಂತ್ರ ಮಗುವಿನ ಮನಸ್ಸನ್ನು ಎಷ್ಟು ಚೆನ್ನಾಗಿ ಬಲ್ಲದು ಎಂಬುದೂ ತಿಳಿಯುತ್ತದೆ. ಮಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 2023ರ ಡಿಸೆಂಬರ್ 2ರಂದು ವಿದಾಯ ಪ್ರವಾಸದ ಕೊನೆಯ ಕಛೇರಿ ಕೊಟ್ಟಾಗಲೂ ತಂಡ ಅದೇ ಬಣ್ಣದಲ್ಲಿತ್ತು.

ಮುಂದಿನ ದಶಕದಲ್ಲಿ ಕವಲುಗಳು ಒಡೆದವು. ನ್ಯೂಜೆರ್ಸಿಯ ಮಿಸ್‌ಫಿಟ್ಸ್ ತಂಡ ಎರಡೇ ನಿಮಿಷದ ಹಾಡುಗಳಲ್ಲಿ ಹಳೆಯ ಭಯದ ಸಿನಿಮಾಗಳನ್ನು ತುಂಬಿತು. ಡೆನ್ಮಾರ್ಕಿನ ಕಿಂಗ್ ಡೈಮಂಡ್ 1987ರ ‘ಅಬಿಗೈಲ್’ನಲ್ಲಿ ಒಂದಿಡೀ ದೆವ್ವದ ಕಥೆಯನ್ನು ಹಾಡುಗಳಲ್ಲಿ ಹೇಳಿದರು. ಅಜ್ಜಿ, ಮಗು, ಪ್ರೇತ ಎಲ್ಲರ ದನಿಯನ್ನೂ ಒಬ್ಬರೇ ತೆಗೆಯುವುದು ಅವರ ಹೆಚ್ಚುಗಾರಿಕೆ. ಲಂಡನ್ನಿನ ಐರನ್ ಮೇಡನ್ ತಂಡ ವೇಷವನ್ನು ತಾನು ಹಾಕದೆ ‘ಎಡ್ಡಿ’ ಎಂಬ ಪಾತ್ರಕ್ಕೆ ಹಾಕಿತು. ಮೊದಲು ಅದು ವೇದಿಕೆಯ ಹಿಂದೆ ನೇತುಹಾಕಿದ, ಬಾಯಿಂದ ಬಣ್ಣ ಕಾರುವ ಬರಿ ಮುಖವಾಡ. 1980ರ ಮೊದಲ ಆಲ್ಬಮ್ಮಿನ ರಕ್ಷಾಪುಟದಲ್ಲಿ ಡೆರೆಕ್ ರಿಗ್ಸ್ ಅವರ ಚಿತ್ರದ ಮೂಲಕ ಅದಕ್ಕೆ ಮೈ ಬಂತು. ಆಮೇಲೆ ಎಡ್ಡಿ ಮಮ್ಮಿಯಾದ, ಸೈನಿಕನಾದ, ಯಂತ್ರಮಾನವನಾದ. ಅವನ ನೆರಳಿನಲ್ಲಿ ಹಾಡುವವರು ಅಂಗಿ-ಪ್ಯಾಂಟಿನಲ್ಲಿ ನಿರಾಳವಾಗಿ ಓಡಾಡಿಕೊಂಡು ಕೋಲ್‌ರಿಜ್‌ನ ನಾವಿಕನ ಕಥೆಯನ್ನೂ ಹಾಡಿದರು.

ಎಡ್ಡಿಯ ನೆರಳು ನಮ್ಮ ನೆಲಕ್ಕೂ ಬಿತ್ತು. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದ ಹುಡುಗ ಹುಡುಗಿಯರು ಎಡ್ಡಿಯ ಚಿತ್ರವಿದ್ದ ಕಪ್ಪು ಟೀಶರ್ಟಿನಲ್ಲಿ ಮೈದಾನ ತುಂಬಿದರು. 2009ರಲ್ಲಿ ತಂಡ ಮತ್ತೆ ಬಂತು. ಬೆಂಗಳೂರಿನ ರಾಕ್ ಬಳಗ ಆ ಮೊದಲ ಸಂಜೆಯನ್ನು ಇಂದಿಗೂ ಹಬ್ಬದಂತೆ ನೆನೆಯುತ್ತದೆ. ಅಸ್ಥಿಪಂಜರದ ಚಿತ್ರ ಎದೆಯ ಮೇಲಿದ್ದರೂ ಅಲ್ಲಿ ಇದ್ದದ್ದು ಸಂಭ್ರಮವೇ.

ಆಟ ಕೆಡುವ ಎರಡು ಬಗೆ

ಈ ಸಂಭ್ರಮ ಎಲ್ಲರಿಗೂ ಕಂಡಿಲ್ಲ. 1972ರಲ್ಲಿ ಬ್ರಿಟನ್ನಿನ ನೀತಿವಾದಿ ಪ್ರಚಾರಕಿ ಮೇರಿ ವೈಟ್‌ಹೌಸ್ ‘ಸ್ಕೂಲ್ಸ್ ಔಟ್’ ಹಾಡನ್ನು ಬಿಬಿಸಿಯಿಂದ ದೂರವಿಡಬೇಕೆಂದು ಚಳವಳಿ ಹೂಡಿದರು. ಅದರಿಂದ ಹಾಡು ಇನ್ನಷ್ಟು ಜನರನ್ನು ತಲುಪಿತು. ಅಮೆರಿಕದಲ್ಲಿ 1985ರ ಸೆಪ್ಟೆಂಬರ್ 19ರಂದು ಸೆನೆಟ್ ಸಮಿತಿಯ ಮುಂದೆ ರಾಕ್ ಹಾಡುಗಳ ವಿಚಾರಣೆಯೇ ನಡೆಯಿತು. ಸೆನೆಟರ್ ಒಬ್ಬರ ಪತ್ನಿ ಟಿಪ್ಪರ್ ಗೋರ್ ಮತ್ತಿತರರು ಕಟ್ಟಿದ ಪೋಷಕರ ಸಂಘಟನೆಯೊಂದು ಹದಿನೈದು ಹಾಡುಗಳ ಕಪ್ಪುಪಟ್ಟಿ ಮಾಡಿತ್ತು. ಟ್ವಿಸ್ಟೆಡ್ ಸಿಸ್ಟರ್ ತಂಡದ ಡೀ ಸ್ನೈಡರ್ ತಮ್ಮ ಗುಂಗುರು ಕೂದಲು, ಜೀನ್ಸ್ ಸಮೇತ ಬಂದು ಸಾಕ್ಷಿ ನುಡಿದರು. ಅವರ ‘ಅಂಡರ್ ದ ಬ್ಲೇಡ್’ ಹಾಡಿನಲ್ಲಿ ಹಿಂಸೆಯ ಕಾಮವಿದೆ ಎಂಬ ಆರೋಪವಿತ್ತು. ಅದು ತಮ್ಮ ಗಿಟಾರ್ ವಾದಕ ಗಂಟಲಿನ ಶಸ್ತ್ರಚಿಕಿತ್ಸೆಗೆ ಹೋಗುವಾಗ ಪಟ್ಟ ಭಯದ ಹಾಡು ಎಂದು ಅವರು ವಿವರಿಸಿದರು. ಕತ್ತಿಯ ಮಾತು ಕೇಳಿದವರಿಗೆ ಆಸ್ಪತ್ರೆಯ ಮೇಜು ಕಾಣಿಸಿರಲಿಲ್ಲ. ಆ ವಿಚಾರಣೆಯ ಫಲವಾಗಿ ಆಲ್ಬಂಗಳ ಮೇಲೆ ಪೋಷಕರಿಗೆ ಎಚ್ಚರಿಕೆಯ ಚೀಟಿ ಬಂತು.

ಪೋಷಕರ ಆತಂಕವನ್ನು ನಾನು ಹಗುರವಾಗಿ ನೋಡುವುದಿಲ್ಲ. ಎಳೆಯ ಮಗುವಿಗೆ ಯಾವುದು ಆಟ, ಯಾವುದು ನಿಜ ಎಂದು ಹೇಳಿಕೊಡುವುದು ಹಿರಿಯರ ಕೆಲಸ. ಆದರೆ ಹೇಳಿಕೊಡುವುದು ಬೇರೆ, ಆಟವನ್ನೇ ನಿಜ ಎಂದು ಸಾರುವುದು ಬೇರೆ. ಮೇರಿ ವೈಟ್‌ಹೌಸ್ ಮತ್ತು ಸೆನೆಟ್ ಸಮಿತಿ ಮಾಡಿದ್ದು ಎರಡನೆಯದು.

ಆಟ ಕೆಡುವ ಇನ್ನೊಂದು ಬಗೆ ಒಳಗಿನಿಂದಲೇ ಬರುತ್ತದೆ. 1990ರ ದಶಕದ ಆರಂಭದಲ್ಲಿ ನಾರ್ವೆಯ ಕೆಲವು ಯುವಕರು ಇಂಗ್ಲೆಂಡಿನ ವೆನಮ್‌ನಂಥ ತಂಡಗಳ ಸೈತಾನ ವೇಷವನ್ನು ಅಕ್ಷರಶಃ ತೆಗೆದುಕೊಂಡರು. 1992ರ ಜೂನ್ 6ರಂದು ಬರ್ಗನ್ ಬಳಿಯ ಫಾಂಟಾಫ್ಟ್‌ನ ಶತಮಾನಗಳಷ್ಟು ಹಳೆಯ ಮರದ ಚರ್ಚು ಬೆಂಕಿಗೆ ಆಹುತಿಯಾಯಿತು. ಆಮೇಲೆ ಇನ್ನೂ ಹಲವು ಚರ್ಚುಗಳು ಉರಿದವು, ಆ ಬಳಗದವರ ಕೈಯಲ್ಲಿ ಕೊಲೆಗಳೂ ಆದವು, ಕೆಲವರಿಗೆ ಜೈಲು ಶಿಕ್ಷೆಯಾಯಿತು. ಅಲ್ಲಿ ನಗು ಇರಲಿಲ್ಲ, ಮರಳಿ ಬರುವ ಬಿಳಿ ಕೋಟು ಇರಲಿಲ್ಲ. ನಗುವನ್ನು ಕಳಚಿದ ಕೂಡಲೇ ಹೆದರಿಕೆಯ ಕಲೆ ಕಲೆಯಾಗಿ ಉಳಿಯುವುದಿಲ್ಲ.

ವೇಷ ಹಾಕುವವನಿಗೂ ಅಪಾಯವಿದೆ. ಆಲಿಸ್ ಕೂಪರ್ ಎಂಬ ಪಾತ್ರ ಎಲ್ಲಿ ಮುಗಿಯುತ್ತದೆ, ತಾನು ಎಲ್ಲಿ ಶುರುವಾಗುತ್ತೇನೆ ಎಂದು ತಿಳಿಯದೆ ವಿನ್ಸೆಂಟ್ ವರ್ಷಗಟ್ಟಲೆ ಕುಡಿತದಲ್ಲಿ ಮುಳುಗಿದ್ದರು. 1980ರ ದಶಕದಲ್ಲಿ ಕುಡಿತ ಬಿಟ್ಟ ಮೇಲೆ ಅವರು ಆ ಪಾತ್ರವನ್ನು ‘ಅವನು’ ಎಂದೇ ಕರೆಯತೊಡಗಿದರು. ವೇದಿಕೆ ಇಳಿದರೆ ಗಾಲ್ಫ್, ಸಂಸಾರ, ಚರ್ಚು. ಬಣ್ಣ ಹಚ್ಚುವುದಷ್ಟೇ ಅಲ್ಲ, ಬಣ್ಣ ಒರೆಸುವುದೂ ಕಲಿಯಬೇಕಾದ ವಿದ್ಯೆ. ಅದನ್ನು ಕಲಿತದ್ದರಿಂದಲೇ 2025ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ತಮ್ಮ ಮೂಲ ತಂಡದ ಉಳಿದ ಗೆಳೆಯರ ಜೊತೆ ಹೊಸ ಆಲ್ಬಂ ತರಲು ಅವರಿಗೆ ಸಾಧ್ಯವಾಯಿತು.

ಲ್ಯಾಪ್‌ಲ್ಯಾಂಡಿನ ರಾಕ್ಷಸರು, ಸ್ವೀಡನ್ನಿನ ಕಪಟ ಪೋಪ್

ಹೊಸ ಶತಮಾನದಲ್ಲಿ ಈ ಪರಂಪರೆಯ ದೀಪ ಉತ್ತರ ಯುರೋಪಿನ ಕೈಗೆ ಹೋಯಿತು. ಫಿನ್ಲೆಂಡಿನ ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿರುವ ರೊವಾನಿಯೆಮಿ ಊರಿನ ಟೋಮಿ ಪುಟಾನ್ಸು ಬಾಲ್ಯದಿಂದಲೂ ಕಿಸ್ ಅಭಿಮಾನಿ. ರಬ್ಬರಿನ ಕೊಂಬು, ಉಗುರು, ಮುಖವಾಡಗಳನ್ನು ಕೈಯಾರೆ ಮಾಡಿ ಅವರು ಕಟ್ಟಿದ ತಂಡ ಲೋರ್ಡಿ. 2006ರ ಮೇ 20ರಂದು ಅಥೆನ್ಸ್‌ನಲ್ಲಿ ನಡೆದ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಈ ರಾಕ್ಷಸರು ‘ಹಾರ್ಡ್ ರಾಕ್ ಹಲ್ಲೆಲೂಯಾ’ ಹಾಡಿ 292 ಅಂಕ ಗಳಿಸಿ ಗೆದ್ದರು. 1961ರಿಂದ ಸ್ಪರ್ಧಿಸುತ್ತಿದ್ದ ಫಿನ್ಲೆಂಡಿಗೆ ಅದು ಮೊದಲ ಗೆಲುವು. ರೆಕ್ಕೆ ಬಿಚ್ಚುವ ರಾಕ್ಷಸನ ಜೊತೆ ಮನೆಯವರೆಲ್ಲ ಕೂಡಿ ಹಾಡಬಹುದಾದ ರಾಗವಿತ್ತು, ಹೆದರಿದ ಮಗುವೂ ಎರಡನೆಯ ಸಲ ಪಲ್ಲವಿ ಬಂದಾಗ ದನಿಗೂಡಿಸುವಷ್ಟು ಸರಳ. ಗೆದ್ದ ಮೇಲೆ ಒಂದು ಪತ್ರಿಕೆ ಮುಖವಾಡವಿಲ್ಲದ ಗಾಯಕನ ಚಿತ್ರ ಹಾಕಿತು. ಸಿಟ್ಟಾದವರು ಅಭಿಮಾನಿಗಳು. ಜನರ ಆಕ್ರೋಶಕ್ಕೆ ಮಣಿದು ಪತ್ರಿಕೆ ಕ್ಷಮೆ ಕೇಳಬೇಕಾಯಿತು. ಆಟದ ಗುಟ್ಟು ಕಾಯುವುದು ಆಡುವವರಷ್ಟೇ ನೋಡುವವರ ಹೊಣೆ ಎಂದು ಫಿನ್ಲೆಂಡಿನ ಜನ ಅಂದು ತೋರಿಸಿಕೊಟ್ಟರು. ರೊವಾನಿಯೆಮಿಯ ಒಂದು ಚೌಕಕ್ಕೆ ಇಂದು ಲೋರ್ಡಿಯ ಹೆಸರಿದೆ.

ಸ್ವೀಡನ್ನಿನ ಲಿನ್‌ಶೋಪಿಂಗ್ ಊರಿನ ಟೋಬಿಯಾಸ್ ಫೋರ್ಗೆ ಕಟ್ಟಿದ ಘೋಸ್ಟ್ ತಂಡ ಇನ್ನೂ ಸೂಕ್ಷ್ಮ. ತಲೆಬುರುಡೆಯಂತೆ ಬಣ್ಣ ಬಳಿದ ಪೋಪ್ ವೇಷದ ಗಾಯಕ, ಹೆಸರಿಲ್ಲದ ಮುಖವಾಡಧಾರಿ ವಾದಕರು. ಹಳೆಯ ಸದಸ್ಯರು ಹೂಡಿದ ದಾವೆಯಿಂದ 2017ರಲ್ಲಿ ಮುಖವಾಡದ ಹಿಂದಿನ ಹೆಸರು ಬಯಲಾಗುವವರೆಗೂ ಅದು ಗುಟ್ಟಾಗಿತ್ತು. ಪದಗಳಲ್ಲಿ ಸೈತಾನ, ರಾಗದಲ್ಲಿ ಎಪ್ಪತ್ತರ ದಶಕದ ಸಿಹಿ. ಅಬ್ಬಾ ತಂಡದ ಹಾಡೊಂದನ್ನು ಅವರು ತಮ್ಮದಾಗಿಸಿಕೊಂಡು ಹಾಡಿದ್ದಾರೆ. 2016ರಲ್ಲಿ ಘೋಸ್ಟ್‌ಗೆ ಗ್ರ್ಯಾಮಿ ಬಂತು, 2025ರ ‘ಸ್ಕೆಲೆಟಾ’ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಎಪ್ಪತ್ತು ವರ್ಷವಾದರೂ ಶವಪೆಟ್ಟಿಗೆಯ ಈ ವಂಶಕ್ಕೆ ಮುಪ್ಪು ಬಂದಿಲ್ಲ.

ಹೆದರಿ ಸುಖಪಡುವುದೇಕೆ?

ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಈ ಪ್ರಶ್ನೆಯನ್ನೇ ಹಿಡಿದು ಹೊರಟರು. ಭೂತದ ಮನೆಯೊಂದಕ್ಕೆ ಹೋದ 110 ಜನರ ಎದೆಬಡಿತ ಅಳೆದು, ಅವರು ಪಟ್ಟ ಭಯವನ್ನೂ ಸುಖವನ್ನೂ ಕೇಳಿ ತಿಳಿದು 2020ರಲ್ಲಿ ವರದಿ ಪ್ರಕಟಿಸಿದರು. ಹೆದರಿಕೆ ತೀರಾ ಕಡಿಮೆಯಾದರೂ ಸುಖವಿಲ್ಲ, ತೀರಾ ಹೆಚ್ಚಾದರೂ ಇಲ್ಲ. ನಡುವೆ ಒಂದು ಹದವಿದೆ, ಅಲ್ಲೇ ಸುಖ ತುತ್ತತುದಿ ಮುಟ್ಟುತ್ತದೆ. ಆಲಿಸ್ ಕೂಪರ್ ಅಲಗಿನ ನಂತರ ಬಲೂನು ಬಿಡುವುದು, ಲೋರ್ಡಿ ಕೊಂಬಿನ ಜೊತೆ ಪಲ್ಲವಿ ಕೊಡುವುದು ಈ ಹದ ಕಾಯುವ ಉಪಾಯಗಳೇ.

ನಮ್ಮ ಕಾವ್ಯಮೀಮಾಂಸಕರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಭರತ ಭಯಾನಕವನ್ನೂ ಬೀಭತ್ಸವನ್ನೂ ಎಂಟು ರಸಗಳಲ್ಲಿ ಎಣಿಸಿದ. ಸುಮಾರು ಸಾವಿರ ವರ್ಷಗಳ ಹಿಂದೆ ಅಭಿನವಗುಪ್ತ ಭಯಾನಕಕ್ಕೆ ಕೊಟ್ಟ ಉದಾಹರಣೆ ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ಬಾಣಕ್ಕೆ ಹೆದರಿ ಓಡುವ ಜಿಂಕೆ. ಆ ಭಯ ಜಿಂಕೆಯದು ಮಾತ್ರವಲ್ಲ, ನನ್ನದು ಮಾತ್ರವೂ ಅಲ್ಲ. ಯಾರೊಬ್ಬರಿಗೂ ಸೇರದ ಭಯವಾಗಿ ಅದು ನೋಡುವವನ ಮನಸ್ಸಿನಲ್ಲಿ ನಿಲ್ಲುತ್ತದೆ, ಆದ್ದರಿಂದಲೇ ಅದನ್ನು ಸವಿಯಬಹುದು ಎಂಬುದು ಅವನ ವಿವರಣೆ. ನಿಜ ಜೀವನದ ಭಯ ನಮ್ಮನ್ನು ಒಂಟಿ ಮಾಡುತ್ತದೆ. ಕಾಯಿಲೆಯ ಭಯ, ಪರೀಕ್ಷೆಯ ಭಯ, ಸಾವಿನ ಭಯ, ಪ್ರತಿಯೊಂದನ್ನೂ ನಾವು ಮೂಲೆಯಲ್ಲಿ ಕೂತು ಒಬ್ಬರೇ ಅನುಭವಿಸುತ್ತೇವೆ. ರಾಕ್ ವೇದಿಕೆಯ ಎದುರು ಅದೇ ಭಯ ಹತ್ತು ಸಾವಿರ ಜನರದಾಗುತ್ತದೆ, ಅದಕ್ಕೊಂದು ತಾಳ ಸಿಗುತ್ತದೆ, ಕೈ ಎತ್ತಿ ಕುಣಿಯಬಹುದಾದ ವಸ್ತುವಾಗುತ್ತದೆ. ಹದಿಹರೆಯದವರು ಈ ಸಂಗೀತಕ್ಕೆ ಮೊದಲು ಒಲಿಯುವುದು ಇದಕ್ಕೇ. ತನ್ನ ದೇಹವೇ ತನಗೆ ಅಪರಿಚಿತವಾಗುವ ವಯಸ್ಸಿನಲ್ಲಿ, ಕೊಂಬು ಮೂಡಿದವನೊಬ್ಬ ಸಂತೋಷದಿಂದ ಹಾಡುವುದು ಕಂಡರೆ ಎಷ್ಟು ಧೈರ್ಯ!

ತೂಗಿ ನೋಡಿದರೆ

ಕೊರತೆಗಳನ್ನು ಮುಚ್ಚಿಡಬೇಕಾಗಿಲ್ಲ. ಈ ವೇದಿಕೆ ಬಹುಕಾಲ ಗಂಡಸರದೇ ಆಗಿತ್ತು. ಎಷ್ಟೋ ತಂಡಗಳು ಹಿಂಸೆಗೆ ಹೆಣ್ಣುಗೊಂಬೆಯನ್ನೇ ಆರಿಸಿಕೊಂಡವು. ಅದು ಆಟದ ಹೆಸರಿನಲ್ಲಿ ನಡೆದರೂ ಒಪ್ಪತಕ್ಕದ್ದಲ್ಲ. ಖಳ ಸಾಯುವುದು ಆಟ, ಬಡಪಾಯಿಯನ್ನು ಬಡಿಯುವುದು ಆಟವಲ್ಲ. ಇನ್ನು, ಹಾಡು ಬಡವಾಗಿದ್ದಾಗ ಹೊಗೆ, ಬೆಂಕಿ, ರಕ್ತಗಳಿಂದ ಅದನ್ನು ತುಂಬಿಸಲು ಹೊರಟವರೂ ಬಹಳ ಜನ. ಅವರ ಹೆಸರು ಇಂದು ಯಾರಿಗೂ ನೆನಪಿಲ್ಲ. ಉಳಿದವರು ಯಾರು ಎಂದು ನೋಡಿ. ಮಳೆ ಗಂಟೆಗಳನ್ನು ತೆಗೆದರೂ ಅಯೋಮಿಯ ಮೂರು ಸ್ವರ ನಿಲ್ಲುತ್ತದೆ. ಯಂತ್ರದ ಅಲಗನ್ನು ಮರೆತರೂ ‘ಸ್ಕೂಲ್ಸ್ ಔಟ್’ ಪ್ರತಿ ಬೇಸಿಗೆಯಲ್ಲೂ ಮಕ್ಕಳ ಬಾಯಿಗೆ ಬರುತ್ತದೆ. ವೇಷ ಕಳಚಿದ ಮೇಲೂ ನಿಲ್ಲುವ ಹಾಡಿದ್ದರೆ ಮಾತ್ರ ವೇಷಕ್ಕೆ ಬೆಲೆ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಭಯವನ್ನು ವೇಷವಾಗಿ ಧರಿಸುವ ಹಾರ್ಡ್ ರಾಕ್, ಆಡುವವರೂ ನೋಡುವವರೂ ಸೇರಿ ಮಾಡಿಕೊಂಡ ಒಂದು ಒಪ್ಪಂದದ ಮೇಲೆ ನಿಂತಿದೆ. ಇದು ಆಟ ಎಂದು ಇಬ್ಬರಿಗೂ ಗೊತ್ತು, ಗೊತ್ತಿದ್ದೂ ಪೂರ್ತಿ ಮನಸ್ಸು ಕೊಟ್ಟು ಆಡುತ್ತಾರೆ. ಆ ತಿಳಿವು ಮರೆತ ಸಂಗೀತಗಾರ ಅಪಾಯಕಾರಿ, ಆ ಮನಸ್ಸು ಕೊಡಲಾರದ ಟೀಕಾಕಾರನಿಗೆ ಇಲ್ಲಿ ಏನೂ ಸಿಗದು. 1958ರಲ್ಲಿ ಡ್ರಾಕುಲಾ ಆಗಿ ಲೋಕವನ್ನು ನಡುಗಿಸಿದ ನಟ ಕ್ರಿಸ್ಟೋಫರ್ ಲೀ, 2013ರಲ್ಲಿ, ತೊಂಬತ್ತು ದಾಟಿದ ಮೇಲೆ, ಚಾರ್ಲ್‌ಮೇನ್ ದೊರೆಯ ಬಗ್ಗೆ ತಮ್ಮ ಎರಡನೆಯ ಹೆವಿ ಮೆಟಲ್ ಆಲ್ಬಂ ತಂದರು. ಹೆದರಿಸಿ ಬದುಕಿದ ಮುದುಕನಿಗೆ ಆ ವಯಸ್ಸಿನಲ್ಲೂ ಆಟದ ಬಯಕೆ ತೀರಿರಲಿಲ್ಲ.

ಈ ಸಂಗೀತ ನಿಮಗೆ ಹೊಸದಾದರೆ ಒಂದು ಮಾತು. ಮೊದಲು ಬ್ಲ್ಯಾಕ್ ಸಬ್ಬತ್‌ನ ಆ ಮೊದಲ ಹಾಡನ್ನು ಕಣ್ಣು ಮುಚ್ಚಿಕೊಂಡು ಕೇಳಿ, ಪ್ರತಿಮಧ್ಯಮ ಎಲ್ಲಿ ಬಂದು ನಿಲ್ಲುತ್ತದೆ ಎಂದು ಗಮನಿಸಿ. ಆಮೇಲೆ ಆಲಿಸ್ ಕೂಪರ್‌ರ ಕಾರ್ಯಕ್ರಮವೊಂದರ ವಿಡಿಯೋ ಹಾಕಿಕೊಂಡು, ಅಲಗು ಬೀಳುವ ಹೊತ್ತಿಗೆ ವೇದಿಕೆಯನ್ನು ಬಿಟ್ಟು ನೋಡುವ ಜನರ ಮುಖ ನೋಡಿ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದು ತಲೆಬುರುಡೆಯ ಟೀಶರ್ಟ್ ಹಾಕುತ್ತಿದ್ದರೆ, ಬೈಯುವ ಮೊದಲು ಅವರ ಪಕ್ಕ ಕೂತು ಒಂದು ಹಾಡು ಕೇಳಿ.